ಹಾತಾ ಸೂತ್ರ ಮತ್ತು ಕಿರುಕೋಶದ ಯೋಜನೆ: ಒಂದು ವಿಮರ್ಶೆ

ರೇಡಿಯೋ ತರಂಗಗಳ ಪ್ರಸರಣನಷ್ಟವನ್ನು ಗಣಿಸುವುದಕ್ಕೆ ಮಸಾಹರು ಹಾತಾ ಅವರು 1980ರಲ್ಲಿ ಪ್ರಕಟಿಸಿದ ಸೂತ್ರವು ಸುಪರಿಚಿತವಾದುದು. ಟೋಕಿಯೋ ಪ್ರಾಂತದ ಅಳತೆಗಳಿಂದ ಒಕುಮುರಾ ಮತ್ತು ಸಂಗಡಿಗರು 1968ರಲ್ಲಿ ಕೊಟ್ಟ ವಕ್ರರೇಖೆಗಳನ್ನು ಸರಳ ಸಮೀಕರಣಕ್ಕೆ ಇಳಿಸಿದುದೇ ಅದರ ಹಿರಿಮೆ. ಆದರೆ ಅದಕ್ಕೆ ಮಿತಿಗಳುಂಟು: ಆವರ್ತನ 150ರಿಂದ 1500 ಮೆಗಾಹರ್ಟ್ಸ್, ಪ್ರೇಷಕ ಆಂಟೆನಾದ ಎತ್ತರ 30ರಿಂದ 200 ಮೀಟರು, ದೂರ 1ರಿಂದ 20 ಕಿಲೋಮೀಟರು.

ಕಲಬುರಗಿಗೆ ಹೊಂದಿಕೊಂಡಿರುವ ತಾಜಸುಲ್ತಾನಪುರದ ಬೀದಿಯೊಂದಕ್ಕೆ 3300 ಮೆಗಾಹರ್ಟ್ಸ್‌ನ 5ಜಿ ಕಿರುಕೋಶವನ್ನು ಯೋಜಿಸುವೆವೆಂದು ಭಾವಿಸೋಣ. ಆಂಟೆನಾ ದೀಪದ ಕಂಬದಷ್ಟೇ ಎತ್ತರ. ವ್ಯಾಪ್ತಿ ಕೆಲವು ನೂರು ಮೀಟರು. ಮೂರು ಮಿತಿಗಳನ್ನೂ ದಾಟಿದಂತಾಯಿತು. ಇಲ್ಲಿ ನಷ್ಟವನ್ನು ನಿರ್ಣಯಿಸುವುವು ಬೀದಿಯ ಅಗಲ, ಅದರ ತಿರುವು, ಈ ಸೀಮೆಯ ದಪ್ಪ ಕಲ್ಲುಗೋಡೆ. 26 ಗಿಗಾಹರ್ಟ್ಸ್‌ಗೆ ಏರಿದರಂತೂ, ಆಂಟೆನಾಗಳ ಗಳಿಕೆ ಸಮನಾಗಿದ್ದಲ್ಲಿ, ತೆರೆದ ಬಯಲಿನಲ್ಲಿಯೇ ನಷ್ಟವು ಸುಮಾರು 18 ಡೆಸಿಬೆಲ್ ಹೆಚ್ಚುತ್ತದೆ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.1411 ಶಿಫಾರಸು ಇಕ್ಕೆಲದ ಕಟ್ಟಡಗಳ ನಡುವಣ ಬೀದಿಯನ್ನು ಪ್ರತ್ಯೇಕವಾಗಿ ಪರಿಗಣಿಸುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು, ಸ್ಥಳದಲ್ಲಿಯೇ ಮಾಡಿದ ಅಳತೆಗಳಿಂದ ತಿದ್ದಿಕೊಳ್ಳುವುದು ಯುಕ್ತ. ವಿದ್ಯಾರ್ಥಿಗಳು ಸೂತ್ರದೊಡನೆ ಅದರ ಮಿತಿಯನ್ನೂ ಕಲಿಯಬೇಕು. ನಕ್ಷೆಯು ಸಂಕೇತವುಂಟೆಂದು ಸಾರುವ ಮನೆಯೊಳಗೆ ಮಾತು ಕಡಿದುಹೋದರೆ, ಆ ದೋಷದ ಫಲವನ್ನುಣ್ಣುವವರು ಅಲ್ಲಿನ ನಿವಾಸಿಗಳು.