ಸಾಕೆಗೆ ಊರು ಬಂದದ್ದು ಹೇಗೆ, ಹೋದದ್ದು ಹೇಗೆ

1973ರ ಸುಮಾರಿಗೆ ಜಪಾನಿನ ಅಕ್ಕಿಮದ್ಯವಾದ ಸಾಕೆಯ ಮಾರಾಟ ತನ್ನ ಶಿಖರ ಮುಟ್ಟಿತ್ತು. ವರ್ಷಕ್ಕೆ 17 ಲಕ್ಷ ಕಿಲೋಲೀಟರಿಗೂ ಹೆಚ್ಚು. ಆದರೆ ಹಳ್ಳಿಗಾಡಿನ ಎಷ್ಟೋ ಸಣ್ಣ ಬ್ರೂವರಿಗಳು ತಮ್ಮ ಹೆಸರಿನಲ್ಲಿ ಬಾಟಲಿ ತುಂಬುತ್ತಿದ್ದುದು ಅಷ್ಟಕ್ಕಷ್ಟೇ. ಚಳಿಗಾಲವಿಡೀ ದುಡಿದು ತಯಾರಿಸಿದ ಸಾಕೆ ಟ್ಯಾಂಕರ್ ಲಾರಿ ಏರಿ ಕೋಬೆ ಸೀಮೆಯ ನಾದಾಕ್ಕೋ ಕ್ಯೋಟೋದ ಫುಶಿಮಿಗೋ ಹೋಗುತ್ತಿತ್ತು. ಅಲ್ಲಿನ ದೊಡ್ಡ ಕಂಪನಿಗಳ ಸಾಕೆಯಲ್ಲಿ ಬೆರೆತು, ಅವರ ಲೇಬಲ್ ಹೊತ್ತು ದೇಶದ ಉದ್ದಗಲಕ್ಕೂ ಮಾರಾಟವಾಗುತ್ತಿತ್ತು. ಈ ವಹಿವಾಟಿಗೆ ಓಕೆ-ಉರಿ ಎನ್ನುತ್ತಾರೆ. ಬೆಟ್ಟದ ಬುಡದ ಬ್ರೂವರಿಗೆ ಊರಿತ್ತು, ಅದರ ಸಾಕೆಗೆ ಊರಿರಲಿಲ್ಲ.

ಆ ಸಾಕೆಯ ಗುಣವೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಯುದ್ಧಾನಂತರದ ಅಕ್ಕಿಯ ಬರದಲ್ಲಿ ಒಂದು ಪಾಲು ಸಾಕೆಗೆ ಭಟ್ಟಿ ಇಳಿಸಿದ ಆಲ್ಕೋಹಾಲ್, ಗ್ಲೂಕೋಸ್, ಆಮ್ಲಗಳನ್ನು ಸೇರಿಸಿ ಮೂರು ಪಾಲು ಮಾಡುವ ಪದ್ಧತಿ ಬಂತು. ಬರ ಹೋಯಿತು, ಪದ್ಧತಿ ಉಳಿಯಿತು. ಇಂಥ ಬೆರಕೆಯನ್ನು ಸಾಕೆಯ ವರ್ಗದಿಂದ ಹೊರಗಿಟ್ಟದ್ದು 2006ರ ತೆರಿಗೆ ತಿದ್ದುಪಡಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದು ದೇಶ ತನ್ನ ಪ್ರಾಚೀನ ಪಾನೀಯಕ್ಕೆ ಇಷ್ಟು ಅನ್ಯಾಯ ಮಾಡಿಕೊಂಡಿತೆಂಬುದನ್ನು ಮರೆತು ಇವತ್ತಿನ ಪ್ರಾದೇಶಿಕ ಸಾಕೆಯ, ಅಂದರೆ ಜಿಜಾಕೆಯ, ಗುಣಗಾನ ಮಾಡಿದರೆ ಆ ಮಾತಿಗೆ ತೂಕವಿರುವುದಿಲ್ಲ.

ಇದಕ್ಕೆ ಎದುರಾಗಿ ನಿಂತವರು ಸಣ್ಣವರು. ನಾಲ್ಕು ಬ್ರೂವರಿಗಳು ಒಂದಾಗಿ 1973ರಲ್ಲಿ ಕಟ್ಟಿದ ಮಿಯಾಗಿಯ ಇಚಿನೊಕುರಾ ಸಂಸ್ಥೆ 1977ರಲ್ಲಿ ಒಂದು ದಿಟ್ಟ ಹೆಜ್ಜೆ ಇಟ್ಟಿತು. ಆಗ ಸರ್ಕಾರಿ ಪರೀಕ್ಷೆಗೆ ಕಳಿಸಿದ ಸಾಕೆಗೆ ಮಾತ್ರ ಮೇಲಿನ ದರ್ಜೆ ಸಿಗುತ್ತಿತ್ತು. ದರ್ಜೆ ಏರಿದಷ್ಟೂ ತೆರಿಗೆ ಏರುತ್ತಿತ್ತು. ಇವರು ಒಳ್ಳೆಯ ಸಾಕೆಯನ್ನೇ ಪರೀಕ್ಷೆಗೆ ಕಳಿಸದೆ, ‘ಮುಕನ್ಸಾ’ ಎಂಬ ಹೆಸರಿನಲ್ಲಿ, ಎರಡನೇ ದರ್ಜೆಯ ಬೆಲೆಗೆ ಮಾರಿದರು. ತೀರ್ಪನ್ನು ಅಧಿಕಾರಿಯಿಂದ ಕಿತ್ತು ಕುಡಿಯುವವರ ಕೈಗೆ ಕೊಟ್ಟರು. ದರ್ಜೆ ವ್ಯವಸ್ಥೆ 1992ರಲ್ಲಿ ರದ್ದಾಯಿತು.

1970ರ ದಶಕದಲ್ಲೇ ನೀಗಾತಾದ ಕೋಶಿ ನೊ ಕಾನ್‌ಬಾಯಿ ಟೋಕಿಯೋದವರಿಗೆ ಕೈಗೆಟುಕದ ‘ಮಾಯಾ ಸಾಕೆ’ ಆಯಿತು. 1985ರಲ್ಲಿ ಬಂದ ಕುಬೋತಾ ನೀಗಾತಾದ ತಿಳಿಯಾದ, ಒಗರಿಲ್ಲದ, ಸಿಹಿ ಕಡಿಮೆಯಾದ ಶೈಲಿಯನ್ನು ದೇಶದ ರುಚಿಯನ್ನಾಗಿಸಿತು. ಹಿಮ ಕರಗಿದ ಮೆದು ನೀರು, ಗೊಹ್ಯಾಕುಮಾನ್‌ಗೊಕು ಅಕ್ಕಿ, ಕೊರೆಯುವ ಚಳಿ ಎಂದು ಕಾರಣಗಳ ಪಟ್ಟಿ ಕೊಡುತ್ತಾರೆ. ಅವೆಲ್ಲ ನಿಜ. ಆದರೆ ಸಾಕೆಗೆಂದೇ 1930ರಲ್ಲಿ ಸ್ಥಾಪನೆಯಾದ ಪ್ರಾಂತ್ಯದ ಸಂಶೋಧನಾ ಕೇಂದ್ರವನ್ನೂ 1984ರಲ್ಲಿ ಶುರುವಾದ ಸಾಕೆ ಶಾಲೆಯನ್ನೂ ಬಿಟ್ಟು ಬರೀ ಹಿಮದ ಕಥೆ ಹೇಳುವುದು ಆ ಜನಕ್ಕೆ ಮಾಡುವ ಅವಮಾನ. ನೀಗಾತಾದ ರುಚಿ ಮೋಡದಿಂದ ಇಳಿದದ್ದಲ್ಲ, ಕಲಿತು ಕಲಿಸಿದ್ದು.

ಇದನ್ನು ಹಿರೋಶಿಮಾದಷ್ಟು ಚೆನ್ನಾಗಿ ತೋರಿಸುವ ಊರು ಮತ್ತೊಂದಿಲ್ಲ. ಸಾಕೆಯಲ್ಲಿ ಕೋಜಿ ಎಂಬ ಬೂಷ್ಟು ಅಕ್ಕಿಯ ಪಿಷ್ಟವನ್ನು ಸಕ್ಕರೆ ಮಾಡುತ್ತದೆ, ಯೀಸ್ಟ್ ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಎರಡೂ ಒಂದೇ ತೊಟ್ಟಿಯಲ್ಲಿ, ಒಂದೇ ಹೊತ್ತಿನಲ್ಲಿ. ಹೆಪ್ಪು ಕೆಟ್ಟರೆ ಮೊಸರು ಕೆಡುವಂತೆ, ಮೊದಲು ಬೆಳೆಸಿಕೊಳ್ಳುವ ಯೀಸ್ಟಿನ ಮೂಲ ದುರ್ಬಲವಾದರೆ ತೊಟ್ಟಿಗೆ ತೊಟ್ಟಿಯೇ ಹಾಳು. ನಾದಾದ ಮಿಯಾಮಿಜು ನೀರು ಗಡಸು. ಅದರ ಖನಿಜಗಳಿಂದ ಯೀಸ್ಟ್ ಹುರುಪಾಗಿ ಬೆಳೆಯುತ್ತದೆ. ಹಿರೋಶಿಮಾದ ನೀರು ಮೆದು. ಅಕಿತ್ಸುವಿನ ಮಿಉರಾ ಸೆನ್‌ಝಾಬುರೊ ನಾದಾದ ವಿಧಾನವನ್ನೇ ಅನುಸರಿಸಿ ಮತ್ತೆ ಮತ್ತೆ ಸಾಕೆ ಕೆಡಿಸಿಕೊಂಡರು. ತಪ್ಪು ಕೈಯದಲ್ಲ, ನೀರಿಗೆ ಒಗ್ಗದ ವಿಧಾನದ್ದು ಎಂದು ಅವರಿಗೆ ಹೊಳೆಯಿತು. ಕೋಜಿಯ ಎಳೆಗಳು ಅಕ್ಕಿಕಾಳಿನ ಒಳಗಿನವರೆಗೂ ಇಳಿಯುವಂತೆ ಬೆಳೆಸಿ, ಕಡಿಮೆ ತಾಪದಲ್ಲಿ ನಿಧಾನವಾಗಿ ಹುದುಗಿಸುವ ಕ್ರಮವನ್ನು ರೂಪಿಸಿದರು. 1898ರಲ್ಲಿ ಆ ಕ್ರಮವನ್ನು ಪುಸ್ತಕ ಮಾಡಿ ಹಂಚಿದರು, ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಅತ್ತ ಸಾಯಿಜೋ ಪಟ್ಟಣದ ಸತಾಕೆ ರಿಇಚಿ 1896ರಲ್ಲಿ ಅಕ್ಕಿಯನ್ನು ಪಾಲಿಶ್ ಮಾಡುವ ಯಂತ್ರ ತಯಾರಿಸಿದ್ದರು. 1907ರ ಮೊದಲ ರಾಷ್ಟ್ರೀಯ ಸ್ಪರ್ಧೆಯಲ್ಲಿ ಹಿರೋಶಿಮಾ ಮುಂದೆ ನಿಂತಿತು. ಇಂದು ಗಿಂಜೊ ಎಂದು ಕರೆಯುವ ಘಮಘಮಿಸುವ ಸಾಕೆಯ ಬೇರು ಇಲ್ಲಿದೆ. ಒಂದು ಸೀಮೆಯ ಕೊರತೆಯೇ ಅದರ ಶೈಲಿಯಾದದ್ದು ಹೀಗೆ.

ಸ್ಪರ್ಧೆ ಒಳ್ಳೆಯದನ್ನು ಎತ್ತಿ ಹಿಡಿಯಿತು. ನನ್ನ ತಕರಾರು ಇರುವುದು ಅದು ಮುಂದೆ ಮಾಡಿದ ಕೆಲಸದ ಬಗ್ಗೆ. 1911ರಿಂದ ನಡೆಯುತ್ತಿರುವ ರಾಷ್ಟ್ರೀಯ ಹೊಸ ಸಾಕೆಯ ಪರೀಕ್ಷೆಯಲ್ಲಿ ಚಿನ್ನ ಗೆಲ್ಲುವುದಕ್ಕೆ ಒಂದು ಸೂತ್ರವೇ ಹುಟ್ಟಿಕೊಂಡಿತು: ‘ವೈಕೆ35’. ವೈ ಎಂದರೆ ಹ್ಯೋಗೊದ ಯಮಾದಾನಿಶಿಕಿ ಅಕ್ಕಿ, ಕೆ ಎಂದರೆ ಕುಮಾಮೊಟೊ ಯೀಸ್ಟ್, 35 ಎಂದರೆ ಕಾಳನ್ನು ಉಜ್ಜಿ ಉಜ್ಜಿ ಶೇ 35ರಷ್ಟನ್ನು ಮಾತ್ರ ಉಳಿಸಿಕೊಳ್ಳುವುದು. ಉತ್ತರದ ಹಿಮದ ಊರಿನ ಬ್ರೂವರಿಯೂ ದಕ್ಷಿಣದ ದ್ವೀಪದ ಬ್ರೂವರಿಯೂ ಒಂದೇ ಅಕ್ಕಿ ತರಿಸಿ, ಒಂದೇ ಯೀಸ್ಟ್ ಹಾಕಿ ಒಂದೇ ಪರಿಮಳಕ್ಕೆ ಪೈಪೋಟಿ ನಡೆಸಿದವು. ನೀರೊಂದನ್ನು ಬಿಟ್ಟರೆ ಆ ಬಾಟಲಿಯಲ್ಲಿ ಊರಿನದೇನೂ ಇರಲಿಲ್ಲ. ಟ್ಯಾಂಕರ್ ಲಾರಿ ಕಸಿದ ಊರನ್ನು ಪದಕವೂ ವಾಪಸ್ ಕೊಡಲಿಲ್ಲ.

ಯಾಮಾಗುಚಿಯ ದಾಸ್ಸಾಯಿ ಬ್ರೂವರಿಯನ್ನು ಈ ಮಾತಿಗೆ ಉದಾಹರಣೆಯಾಗಿ ಕೊಟ್ಟು ಬಯ್ಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಕುರಾಯಿ ಹಿರೋಶಿ 1984ರಲ್ಲಿ ವಹಿಸಿಕೊಂಡಾಗ ಅದು ಮುಳುಗುತ್ತಿದ್ದ ಸಣ್ಣ ಬ್ರೂವರಿ. ಮುಂದೆ ಬಿಯರ್ ಉದ್ಯಮಕ್ಕೆ ಕೈಹಾಕಿ ಸೋತಾಗ, ತಯಾರಿಕೆಯ ಮುಖ್ಯಸ್ಥರಾದ ತೋಜಿಯೂ ಬಿಟ್ಟುಹೋದರು. ಸಕುರಾಯಿ ಹೊಸ ತೋಜಿಯನ್ನು ಹುಡುಕದೆ ತಮ್ಮ ಯುವ ನೌಕರರನ್ನೇ ಕಟ್ಟಿಕೊಂಡು, ಅಳತೆ ಅಂಕಿಗಳನ್ನು ನೆಚ್ಚಿ, ವರ್ಷವಿಡೀ ಸಾಕೆ ತಯಾರಿಸಿದರು. ಯಮಾದಾನಿಶಿಕಿ ಬಿಟ್ಟು ಬೇರೆ ಅಕ್ಕಿ ಮುಟ್ಟಲಿಲ್ಲ. 2023ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲೂ ಬ್ರೂವರಿ ತೆರೆದರು. ದಾಸ್ಸಾಯಿ ಶುಚಿಯಾದ, ನಂಬಬಹುದಾದ ಸಾಕೆ. ಆದರೆ ಅದನ್ನು ಜಿಜಾಕೆಯ ಮಾದರಿ ಎಂದು ಹೊಗಳುವವರ ಮಾತನ್ನೂ ಒಪ್ಪಲಾರೆ.

ಮಾದರಿ ಬೇಕಿದ್ದರೆ ಅಕಿತಾದ ಅರಾಮಾಸಾ ಕಡೆ ನೋಡಬೇಕು. 1852ರ ಈ ಬ್ರೂವರಿಯಲ್ಲಿ 1930ರಲ್ಲಿ ಪ್ರತ್ಯೇಕಿಸಿದ 6ನೇ ಸಂಖ್ಯೆಯ ಯೀಸ್ಟ್ ದೇಶಕ್ಕೆಲ್ಲ ಹಂಚಿಹೋಗಿತ್ತು. ಎಂಟನೇ ತಲೆಮಾರಿನ ಸಾತೊ ಯೂಸುಕೆ ಮನೆಗೆ ಮರಳಿ, ಇನ್ನು ತಮ್ಮಲ್ಲಿ ಅದೊಂದೇ ಯೀಸ್ಟ್, ಅಕಿತಾದ ಅಕ್ಕಿ ಮಾತ್ರ, ಕಿಮೊಟೊ ಎಂಬ ಹಳೆಯ ವಿಧಾನ ಮಾತ್ರ ಎಂದು ಗೆರೆ ಎಳೆದರು. ಮರದ ತೊಟ್ಟಿಗಳು ಬಂದವು, ಕೀಟನಾಶಕವಿಲ್ಲದ ಸ್ವಂತ ಗದ್ದೆಯೂ ಬಂತು. ನೀಗಾತಾದ ಕುಸುಮಿ ಬ್ರೂವರಿಯದು ಇನ್ನೂ ಹಿಂದಿನ ಸಾಹಸ. ಮರೆಯಾಗಿದ್ದ ಕಾಮೆನೊಓ ಎಂಬ ಭತ್ತದ ತಳಿಯ ಸುಮಾರು 1,500 ಕಾಳು ಬೀಜ ತಂದು, ಬಿತ್ತಿ, ಹೆಚ್ಚಿಸಿ, 1980ರ ದಶಕದ ಆರಂಭದಲ್ಲಿ ಅದರಿಂದ ಸಾಕೆ ಮಾಡಿದರು. ಓಝೆ ಅಕಿರಾ ಅವರ ಮಾಂಗಾ ‘ನಾತ್ಸುಕೊ ನೊ ಸಾಕೆ’ಗೆ ಪ್ರೇರಣೆಯಾದದ್ದು ಇದೇ. ಇಂಥ ಸಾಕೆಗಳಿಗೆ ಈಗ ಕಾಳಸಂತೆಯಲ್ಲಿ ಹಲವು ಪಟ್ಟು ಬೆಲೆ. ಆ ದುಡ್ಡಿನಲ್ಲಿ ಒಂದು ಕಾಸೂ ಗದ್ದೆಗೆ ಬರುವುದಿಲ್ಲವೆಂಬುದು ಬೇಸರದ ಸಂಗತಿ.

ಊರೇ ಹೋದರೆ ಏನು ಗತಿ? ಫುಕುಶಿಮಾದ ನಾಮಿಎ ಪಟ್ಟಣದ ಉಕೆದೊ ಬಂದರಿನಲ್ಲಿ ಮೀನುಗಾರರ ಸಾಕೆಯಾಗಿದ್ದ ಇವಾಕಿ ಕೋಟೋಬುಕಿಯ ಬ್ರೂವರಿಯನ್ನು 2011ರ ಸುನಾಮಿ ಕೊಚ್ಚಿಕೊಂಡು ಹೋಯಿತು. ಅಣು ಸ್ಥಾವರದ ಅವಘಡ ಊರನ್ನೇ ಖಾಲಿ ಮಾಡಿಸಿತು. ಆದರೆ ವಿಶ್ಲೇಷಣೆಗೆಂದು ಐಜು ಸೀಮೆಯ ಸರ್ಕಾರಿ ಪ್ರಯೋಗಾಲಯಕ್ಕೆ ಕೊಟ್ಟಿದ್ದ ಯೀಸ್ಟಿನ ಮೂಲ ಅಲ್ಲಿ ಉಳಿದಿತ್ತು. ಬ್ರೂವರಿಯ ಒಡೆಯರಾದ ಸುಝುಕಿ ಕುಟುಂಬ ಅದನ್ನು ಹೊತ್ತು ಪಕ್ಕದ ಯಾಮಾಗಾತಾದ ನಾಗಾಯಿಗೆ ಹೋಗಿ ಸಾಕೆ ತಯಾರಿಸಿತು. ನೀರು ಬೇರೆ, ನೆಲ ಬೇರೆ. ಚೆದುರಿಹೋದ ನಾಮಿಎ ಜನಕ್ಕೆ ಮಾತ್ರ ಅದು ತಮ್ಮೂರ ಸಾಕೆಯೇ ಆಗಿತ್ತು. 2021ರಲ್ಲಿ ನಾಮಿಎಯಲ್ಲಿ ಮತ್ತೆ ತಯಾರಿಕೆ ಶುರುವಾಯಿತು. ನೆಲದ ಗುಣವೊಂದನ್ನೇ ಹಿಡಿದು ಪ್ರಾದೇಶಿಕತೆ ಅಳೆಯುವವರು ಈ ಬಾಟಲಿಗೆ ಮೊದಲು ಉತ್ತರ ಹೇಳಬೇಕು.

ಇಷ್ಟೆಲ್ಲ ಆಗಿಯೂ ಸರ್ಕಾರ ಬಾಗಿಲು ತೆರೆದಿಲ್ಲ. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಕೋಜಿ ಬಳಸುವ ಈ ಕೌಶಲವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ದೇಶದೊಳಗೆ ಮಾರುವ ಸಾಕೆಗೆ ಹೊಸ ಪರವಾನಗಿ ಹೊಸಬರಿಗೆ ಈಗಲೂ ಸಿಗುವುದಿಲ್ಲವೆಂದೇ ಹೇಳಬೇಕು. 2021ರಿಂದ ಸಿಗುತ್ತಿರುವುದು ರಫ್ತಿಗಷ್ಟೇ. ಅದಕ್ಕೇ ಫುಕುಶಿಮಾದ ಒದಾಕಾದಲ್ಲಿ ಹಾಕ್ಕೊಬಾ ಎಂಬ ಬ್ರೂವರಿ ಕಟ್ಟಿದ ತರುಣರು, ಈಶಾನ್ಯ ಸೀಮೆಯ ಹಳೆಯ ಮನೆಮದ್ಯದ ಕ್ರಮದಂತೆ ಹಾಪ್ ಹೂ ಸೇರಿಸಿ ತಯಾರಿಸುವ ತಮ್ಮ ಪಾನೀಯವನ್ನು ಬೇರೆಯೇ ವರ್ಗದಲ್ಲಿ ಮಾರುತ್ತಾರೆ. ಇರುವ ಬ್ರೂವರಿಗಳ ಪೇಟೆ ಕುಗ್ಗಬಾರದೆಂಬುದು ಈ ನಿರ್ಬಂಧಕ್ಕೆ ಕೊಡುವ ಕಾರಣ. ನಿರ್ಬಂಧವಿದ್ದೂ ಮಾರಾಟ 4 ಲಕ್ಷ ಕಿಲೋಲೀಟರಿನ ಆಸುಪಾಸಿಗೆ ಇಳಿದಿದೆ. 1970ರ ದಶಕದಲ್ಲಿ 3,000ಕ್ಕೂ ಹೆಚ್ಚಿದ್ದ ಬ್ರೂವರಿಗಳಲ್ಲಿ ಉಳಿದಿರುವುದು ಸುಮಾರು ಮೂರನೇ ಒಂದು ಪಾಲು.