ಸುಹೈಲಿಯ ಒಡಲು, ಸುಹೈಲಿಯ ಚುಕ್ಕಾಣಿ

1997ರಲ್ಲಿ ‘ಸುಹೈಲಿ’ ಎಂಬ ಹಾಯಿದೋಣಿ ಲಂಡನ್ನಿನ ಗ್ರೀನಿಚ್‌ನಲ್ಲಿರುವ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಸೇರಿತು. ಒಬ್ಬನೇ ಮನುಷ್ಯ ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿಬಂದ ಮೊದಲ ದೋಣಿ ಅದು. ಮೇಲೆ ಸೂರು, ಸುತ್ತ ಗೋಡೆ. ಮಳೆಯಿಲ್ಲ, ಅಲೆಯಿಲ್ಲ, ಮರ ಕೊರೆಯುವ ಹುಳುವಿನ ಕಾಟವೂ ಇಲ್ಲ. ಇಷ್ಟಿದ್ದೂ ದೋಣಿ ಕೆಡತೊಡಗಿತು. ಒಳಾಂಗಣದ ಒಣ ಗಾಳಿಗೆ ಹಲಗೆಗಳು ಕುಗ್ಗಿದವು, ಸಂದುಗಳು ಬಾಯಿಬಿಟ್ಟವು. ಅದನ್ನು ಕಟ್ಟಿಸಿ ಓಡಿಸಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಇದನ್ನು ನೋಡಿಕೊಂಡು ಕೂರಲಾರದೆ 2002ರಲ್ಲಿ ದೋಣಿಯನ್ನು ಅಲ್ಲಿಂದ ಹೊರಗೆ ತಂದರು. ಮುಂದೆ ವರ್ಷಗಟ್ಟಲೆ ಅದರ ಒಡಲನ್ನು ಬಿಚ್ಚಿ, ತುಕ್ಕು ಹಿಡಿದ ಕಬ್ಬಿಣ ಕಿತ್ತು, ಮತ್ತೆ ನೀರಿಗಿಳಿಸಿದರು. ಹಳೆಯ ದೋಣಿಯನ್ನು ಕಾಪಾಡುವ ಬಗೆಗಳಲ್ಲಿ ಇದೇ ಸರಿಯಾದದ್ದು ಎಂಬುದು ನನ್ನ ನಿಲುವು. ಅದಕ್ಕೆ ಕಾರಣಗಳು ದೋಣಿ ಗಳಿಸಿದ ಕೀರ್ತಿಯಲ್ಲಿಲ್ಲ, ಅದರ ಮರದಲ್ಲಿ ಮತ್ತು ಲೋಹದಲ್ಲಿವೆ.

ಸುಹೈಲಿ ಹುಟ್ಟಿದ್ದು ಬಾಂಬೆಯಲ್ಲಿ. ನಾಕ್ಸ್-ಜಾನ್‌ಸ್ಟನ್ ಆಗ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಅಧಿಕಾರಿ. ಅಮೆರಿಕದ ವಿಲಿಯಂ ಅಟ್ಕಿನ್ 1920ರ ದಶಕದಲ್ಲಿ ಬರೆದ ‘ಎರಿಕ್’ ಎಂಬ ನಕ್ಷೆಯನ್ನು ತರಿಸಿಕೊಂಡು, ಸುಮಾರು 32 ಅಡಿಯ ದೋಣಿಯನ್ನು ತೇಗದಲ್ಲಿ ಕಟ್ಟಿಸಿದರು. 1964ರಲ್ಲಿ ಅದು ನೀರಿಗಿಳಿಯಿತು. ನಕ್ಷೆ ಆ ಹೊತ್ತಿಗಾಗಲೇ ಹಳೆಯದು. ಅದರ ಮೂಲ ನಾರ್ವೆಯ ಕಾಲಿನ್ ಆರ್ಚರ್ ಕಟ್ಟುತ್ತಿದ್ದ ರಕ್ಷಣಾ ದೋಣಿಗಳಲ್ಲಿದೆ: ಮುಂದೆಯೂ ಹಿಂದೆಯೂ ಚೂಪು, ಅಗಲವಾದ ಹೊಟ್ಟೆ, ತಳದುದ್ದಕ್ಕೂ ಹರಿಯುವ ಅಡಿತೊಲೆ, ಹಿಂತುದಿಗೆ ಹೊರಗಿನಿಂದ ತೂಗುಹಾಕಿದ ಚುಕ್ಕಾಣಿ. ವೇಗ ಕಡಿಮೆ, ಬಾಳಿಕೆ ಹೆಚ್ಚು.

ತೇಗದ ವಿಷಯದಲ್ಲಿ ಬಾಂಬೆಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ನಮ್ಮ ಕಾಳಿ ಕಣಿವೆಯ ಕಾಡಿನಿಂದಲೂ ಆ ಹಡಗುಕಟ್ಟೆಗೆ ಒಂದು ಕಾಲದಲ್ಲಿ ತೇಗ ಹೋಗುತ್ತಿತ್ತು. ಅಲ್ಲಿ ವಾಡಿಯಾ ಮನೆತನದವರು 1817ರಲ್ಲಿ ಕಟ್ಟಿದ ‘ಟ್ರಿಂಕೊಮಲೀ’ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಓಕ್ ಮರದಲ್ಲಿರುವ ಒಗರು ಕಬ್ಬಿಣವನ್ನು ಬೇಗ ತಿನ್ನುತ್ತದೆ. ತೇಗದ ಎಣ್ಣೆ ಹಾಗೆ ಮಾಡುವುದಿಲ್ಲ. ಆದ್ದರಿಂದ ತೇಗದ ದೋಣಿಗೆ ಕಬ್ಬಿಣದ ಬೋಲ್ಟು ಹಾಕುವುದು ಅವಿವೇಕವೇನೂ ಆಗಿರಲಿಲ್ಲ. ಆದರೆ ತೇಗ ಕಬ್ಬಿಣದ ಆಯುಸ್ಸನ್ನು ಹಿಗ್ಗಿಸುತ್ತದೆ ಅಷ್ಟೇ, ಅಳಿಯದಂತೆ ಮಾಡುವುದಿಲ್ಲ. ಉಪ್ಪುನೀರು ಸಂದಿನಿಂದ ಒಳಗಿಳಿದು ಬೋಲ್ಟಿನ ಕಾಂಡವನ್ನು ಮುಟ್ಟಿದರೆ ತುಕ್ಕು ಶುರು. ತುಕ್ಕು ಉಬ್ಬಿ ಸುತ್ತಲಿನ ಮರವನ್ನು ಒತ್ತುತ್ತದೆ, ಮೆದು ಮಾಡುತ್ತದೆ. ಬೋಲ್ಟಿನ ತಲೆ ಹೊರಗಿನಿಂದ ದುಂಡಗೆ, ಗಟ್ಟಿಯಾಗಿ ಕಾಣುತ್ತಿರುವಾಗಲೇ ಒಳಗಿನ ಕಾಂಡ ಪೆನ್ಸಿಲಿನಷ್ಟು ಸಣ್ಣಗಾಗಿರಬಹುದು. ಹಲಗೆ ನೂರು ವರ್ಷ ಬಾಳುವಂಥದ್ದು, ಅದನ್ನು ಹಿಡಿದಿಟ್ಟ ಲೋಹ ಐವತ್ತಕ್ಕೇ ಸೋಲುವಂಥದ್ದು. ಹಳೆಯ ಮರದ ದೋಣಿಯ ಆರೈಕೆ ಎಂದರೆ ಬಹುಪಾಲು ಈ ಎರಡು ಆಯುಸ್ಸುಗಳ ಅಂತರವನ್ನು ಸರಿದೂಗಿಸುವ ಕೆಲಸ.

1968ರ ಜೂನ್ 14ರಂದು ನಾಕ್ಸ್-ಜಾನ್‌ಸ್ಟನ್ ಒಬ್ಬರೇ ನಿಲ್ಲದೆ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಗಾಗಿ ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟರು. ಅಟ್ಲಾಂಟಿಕ್‌ನಲ್ಲಿ ಕೇಪ್ ವರ್ಡೆ ದ್ವೀಪಗಳ ಕಡೆ ಇಳಿಯುವ ಹೊತ್ತಿಗೆ ದೋಣಿಯೊಳಗೆ ನೀರು ಜಿನುಗುವುದು ಹೆಚ್ಚಿತು. ನೀರಿಗಿಳಿದು ನೋಡಿದರೆ ಅಡಿತೊಲೆಗೆ ತಾಗಿಕೊಂಡ ಮೊದಲ ಹಲಗೆಯ ಸಂದು ಎರಡೂ ಪಕ್ಕದಲ್ಲಿ ತೆರೆದುಕೊಂಡಿತ್ತು. ದೋಣಿ ವಾಲಿ ಏಳುವಾಗ ಇಡೀ ಒಡಲಿನ ತಿರುಚು ಬಂದು ಸೇರುವುದು ಅಲ್ಲೇ. ಮೊದಲು ಅವರು ಮುಳುಗಿಕೊಂಡೇ ಸಂದಿಗೆ ಹತ್ತಿ ಬಡಿಯಲು ನೋಡಿದರು, ಅದು ನಿಲ್ಲಲಿಲ್ಲ. ಆಮೇಲೆ ಕ್ಯಾನ್ವಾಸಿನ ಉದ್ದ ಪಟ್ಟಿ ಕತ್ತರಿಸಿ, ಅದಕ್ಕೆ ಹತ್ತಿ ಹೊಲಿದು, ಡಾಂಬರು ಬಳಿದು, ತಾಮ್ರದ ಮೊಳೆಗಳಿಂದ ಸಂದಿನ ಮೇಲೆ ಹೊಡೆದು ಕೂರಿಸಿದರು. ಅದರ ಮೇಲೆ ತಾಮ್ರದ ತಗಡು. ನಡುವೆ ಶಾರ್ಕ್ ಮೀನೊಂದು ಸುತ್ತತೊಡಗಿದ್ದರಿಂದ ಮೇಲೆ ಬಂದು ಅದನ್ನು ಗುಂಡಿಟ್ಟು ಕೊಂದು ಮತ್ತೆ ಇಳಿಯಬೇಕಾಯಿತು. ಕಥೆ ಹೇಳುವವರೆಲ್ಲ ಶಾರ್ಕಿನ ಬಳಿ ನಿಂತುಬಿಡುತ್ತಾರೆ. ನನಗೆ ಆ ಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕೆನಿಸುತ್ತದೆ.

ಆ ದುರಸ್ತಿ ಗೆದ್ದದ್ದು ಅದು ಸಂದನ್ನು ಬಿಗಿಯಲು ಹೋಗಲಿಲ್ಲ ಎಂಬ ಕಾರಣಕ್ಕೆ. ಅಲುಗಾಡುವ ಸಂದಿಗೆ ಗಟ್ಟಿ ವಸ್ತು ತುರುಕಿದರೆ ಅದು ಬೆಣೆಯಂತೆ ಕೆಲಸ ಮಾಡಿ ಬಿರುಕನ್ನು ಇನ್ನಷ್ಟು ಹಿಗ್ಗಿಸುತ್ತದೆ. ಕ್ಯಾನ್ವಾಸು ಹಲಗೆಯ ಜೊತೆ ಅಲುಗಿತು, ನೀರಿನ ಒತ್ತಡವೇ ಅದನ್ನು ಒಳಕ್ಕೆ ಅದುಮಿತು, ತಗಡು ಅದನ್ನು ಕೊಚ್ಚಿಹೋಗದಂತೆ ಕಾಯಿತು. ಜಗತ್ತು ಸುತ್ತಿ 312 ದಿನಗಳ ಬಳಿಕ, 1969ರ ಏಪ್ರಿಲ್ 22ರಂದು ಸುಹೈಲಿ ಫಾಲ್ಮತ್‌ಗೆ ಮರಳಿತು. ಸಮುದ್ರದ ನಡುವೆ ಸಿಕ್ಕ ಸಾಮಾನಿನಲ್ಲಿ ಮಾಡಿದ ಈ ಕೆಲಸದಲ್ಲಿ ಇದ್ದ ಮರದ ಅರಿವು, ಎಲ್ಲ ಅನುಕೂಲವಿರುವ ಎಷ್ಟೋ ದುರಸ್ತಿ ಅಂಗಳಗಳಲ್ಲಿ ಕಾಣುವುದಿಲ್ಲ.

ಅಲ್ಲಿ ಇವತ್ತಿನ ಸುಲಭದ ಮದ್ದು ಬೇರೆ. ಸಂದು ಸೋರುತ್ತಿದೆಯೇ? ಇಡೀ ಒಡಲಿಗೆ ಹೊರಗಿನಿಂದ ರಾಳ ಬಳಿದು ಫೈಬರ್‌ಗ್ಲಾಸ್ ಹೊದಿಸಿಬಿಡಿ. ನಮ್ಮ ಕರಾವಳಿಯಲ್ಲೂ ಮರದ ಮೀನುಗಾರಿಕೆ ದೋಣಿಗಳಿಗೆ ಫೈಬರ್ ಹೊದಿಕೆ ಬಂದು ಬಹಳ ಕಾಲವಾಯಿತು. ಹುಳುವಿನ ಕಾಟಕ್ಕೆ ಅದು ತಡೆ ಎಂಬುದು ನಿಜ. ಹೊಸ ದೋಣಿಗೆ, ಚೆನ್ನಾಗಿ ಒಣಗಿದ ಮರಕ್ಕೆ, ಮೊದಲೇ ಹಾಗೆಂದು ಯೋಜಿಸಿದ್ದರೆ ನನ್ನ ತಕರಾರಿಲ್ಲ. ಗೋವಾದಲ್ಲಿ ಕಟ್ಟಿ 2009ರಲ್ಲಿ ನೌಕಾಪಡೆ ಸೇರಿದ ‘ಮಾದೇಯಿ’ಯ ಒಡಲು ಮರದ ಪಟ್ಟಿಗಳನ್ನು ಅಂಟಿಸಿ ಫೈಬರ್‌ಗ್ಲಾಸ್ ಹೊದಿಸಿದ್ದೇ, ಅದು ಭೂಮಿಯನ್ನೂ ಸುತ್ತಿತು. ಆದರೆ ಅಲ್ಲಿ ಪಟ್ಟಿಗಳು ಒಂದಕ್ಕೊಂದು ಅಂಟಿ ಒಂದೇ ಚಿಪ್ಪಾಗಿವೆ. ಸುಹೈಲಿಯಂಥ ಹಳೆಯ ದೋಣಿಯಲ್ಲಿ ಪ್ರತಿ ಹಲಗೆಯೂ ತನ್ನಷ್ಟಕ್ಕೆ ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಹೊದಿಕೆ ಹಿಗ್ಗುವುದಿಲ್ಲ. ಕೊನೆಗೆ ಅದು ಸಂದಿನ ಉದ್ದಕ್ಕೂ ಸೀಳುತ್ತದೆ, ಹೊಕ್ಕ ನೀರು ಹೊರಬರಲು ದಾರಿಯಿರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಬೋಲ್ಟುಗಳ ತಲೆ ಕಣ್ಣಿಗೆ ಬೀಳದಂತಾಗುವುದು. ತುಕ್ಕಿನ ಕಂದು ಗೆರೆಯೊಂದು ಬಣ್ಣದ ಮೇಲೆ ಇಳಿದರೆ ಅದೊಂದು ಸೂಚನೆ. ಹೊದಿಕೆ ಆ ಸೂಚನೆಯನ್ನೇ ಮುಚ್ಚುತ್ತದೆ. ಇದನ್ನು ನಾನು ದುರಸ್ತಿ ಎನ್ನಲಾರೆ.

ನಾಕ್ಸ್-ಜಾನ್‌ಸ್ಟನ್ ಹಿಡಿದದ್ದು ಕಷ್ಟದ ದಾರಿ. ಬೋಲ್ಟುಗಳನ್ನು ಒಂದೊಂದಾಗಿ ಕಿತ್ತು ಬದಲಿಸುವುದು. ತುಕ್ಕು ಹಿಡಿದ ಬೋಲ್ಟು ಸುಮ್ಮನೆ ಬರುವುದಿಲ್ಲ. ಮರ ಸೀಳದಂತೆ ಅದನ್ನು ಹೊರತೆಗೆಯಬೇಕು, ರಂಧ್ರದ ಸುತ್ತ ಮೆದುವಾದ ಮರವನ್ನು ಕೊರೆದು ತೆಗೆಯಬೇಕು, ಹೊಸದನ್ನು ಗಟ್ಟಿ ಮರದಲ್ಲಿ ಕೂರಿಸಬೇಕು. ಇಲ್ಲಿ ಅರ್ಧ ಕೆಲಸ ಮಾಡುವುದು ಮಾಡದಿರುವುದಕ್ಕಿಂತ ಅಪಾಯ. ಕೆಲವು ಕಡೆ ಕಂಚು ಹಾಕಿ, ಪಕ್ಕದಲ್ಲೇ ಹಳೆಯ ಕಬ್ಬಿಣ ಬಿಟ್ಟರೆ, ಉಪ್ಪುನೀರಿನಲ್ಲಿ ನೆನೆದ ಮರದೊಳಗೆ ಅವೆರಡರ ನಡುವೆ ಸಣ್ಣ ವಿದ್ಯುತ್ ಹರಿದು ಕಬ್ಬಿಣ ಮೊದಲಿಗಿಂತ ಬೇಗ ಕರಗುತ್ತದೆ. ದುಡ್ಡು ಉಳಿಸಲು ಸೋರುವ ಜಾಗದಲ್ಲಷ್ಟೇ ಬೋಲ್ಟು ಬದಲಿಸುವ ರೂಢಿ ಇದರಿಂದಲೇ ಕೆಟ್ಟದ್ದು.

ಇನ್ನು ನೀರಿನಿಂದ ಎತ್ತಿ ಇಡುವ ಪದ್ಧತಿ. ಗ್ರೀನಿಚ್‌ನಲ್ಲೇ ಇನ್ನೊಂದು ನಿದರ್ಶನವಿತ್ತು. ಫ್ರಾನ್ಸಿಸ್ ಚಿಚೆಸ್ಟರ್ ಅವರು 1966-67ರಲ್ಲಿ ಓಡಿಸಿದ ‘ಜಿಪ್ಸಿ ಮಾತ್ 4’ ದೋಣಿಯನ್ನು ಅಲ್ಲಿ ನೆಲದ ಮೇಲೆ, ಬಯಲಿನಲ್ಲಿ ದಶಕಗಳ ಕಾಲ ನಿಲ್ಲಿಸಿದ್ದರು. ಅದನ್ನು ಕೆಡಿಸಿದ್ದು ಒಣ ಗಾಳಿಯಲ್ಲ, ಮಳೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪುನೀರು ಹಿತವಲ್ಲ. ಅದಕ್ಕೆ ಬೇಕಾದದ್ದು ದೋಣಿಯ ಅಟ್ಟದ (ಡೆಕ್ಕಿನ) ಬಿರುಕಿನಿಂದ ಇಳಿದು ಮೂಲೆಯಲ್ಲಿ ನಿಲ್ಲುವ ಸಿಹಿನೀರು. 2005ರಲ್ಲಿ ದೋಣಿಯನ್ನು ಸರಿಪಡಿಸಿ ನೀರಿಗಿಳಿಸಿ ಮತ್ತೊಮ್ಮೆ ಜಗತ್ತು ಸುತ್ತಿಸಿದರು. 2006ರಲ್ಲಿ ಪೆಸಿಫಿಕ್‌ನ ರಂಗಿರೋವಾ ಹವಳದ ದಿಬ್ಬಕ್ಕೆ ಬಡಿದು ಅದರ ಒಡಲು ಒಡೆಯಿತು ಕೂಡ. ಮ್ಯೂಸಿಯಂ ಪಕ್ಷದವರು ಇದನ್ನೇ ತೋರಿಸಿ, ಓಡಿಸಿದರೆ ಹೀಗೇ ಆಗುವುದು ಎನ್ನಬಹುದು. ಆ ಮಾತಿಗೆ ತೂಕವಿದೆ. ಆದರೆ ಹವಳಕ್ಕೆ ಬಡಿದ ಗಾಯ ಎಲ್ಲಿದೆ ಎಂದು ಕಾಣುತ್ತದೆ, ಆಕ್ಲೆಂಡಿನಲ್ಲಿ ಅದನ್ನು ಸರಿಪಡಿಸಲಾಯಿತು, ದೋಣಿ 2007ರಲ್ಲಿ ಮನೆ ಸೇರಿತು. ನಿಂತಲ್ಲೇ ಕೊಳೆತದ್ದು ಎಷ್ಟು ಎಂದು ತಿಳಿಯಲು ದೋಣಿಯನ್ನೇ ಬಿಚ್ಚಬೇಕು.

ಚುಕ್ಕಾಣಿಯ ಬಗ್ಗೆ ದೋಣಿಯವರು ಒಡಲಿನಷ್ಟು ತಲೆಕೆಡಿಸಿಕೊಳ್ಳುವುದಿಲ್ಲ; ಇದು ನನ್ನ ದೊಡ್ಡ ದೂರು. ಸುಹೈಲಿಯಲ್ಲಿ ಅದು ಹಿಂತುದಿಯ ಮರಕ್ಕೆ ಗೂಟ ಮತ್ತು ಬಳೆಗಳಿಂದ ತೂಗುಬಿದ್ದಿದೆ, ಬಾಗಿಲಿನ ತಿರುಗಣಿಯಂತೆ. ಸವೆತ ಕಣ್ಣಿಗೆ ಕಾಣುತ್ತದೆ. ದೋಣಿ ನೆಲದ ಮೇಲಿರುವಾಗ ಚುಕ್ಕಾಣಿಯ ಅಡಿಯನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿದರೆ ಬಳೆ ಎಷ್ಟು ಸಡಿಲವಾಗಿದೆ ಎಂಬುದು ತೋಳಿಗೇ ಗೊತ್ತಾಗುತ್ತದೆ. ಕಂಚೆಂದು ನಂಬಿದ ಬಳೆಯನ್ನು ಕೆರೆದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಅದು ಹಿತ್ತಾಳೆ, ಅದರ ಸತು ಸಮುದ್ರದ ಪಾಲಾಗಿದೆ. ಸುತ್ತಿಗೆಯ ಒಂದು ಪೆಟ್ಟಿಗೆ ಮುರಿಯುತ್ತದೆ.

1970ರ ನಂತರದ ಫೈಬರ್‌ಗ್ಲಾಸ್ ಹಾಯಿದೋಣಿಗಳಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಬಹುತೇಕ ಚುಕ್ಕಾಣಿಗಳು ಎರಡು ಚಿಪ್ಪು, ನಡುವೆ ನೊರೆ, ನೊರೆಯೊಳಗೆ ಉಕ್ಕಿನ ದಂಡಕ್ಕೆ ಬೆಸೆದ ಪಟ್ಟಿಗಳು. ದಂಡ ಚಿಪ್ಪಿನೊಳಗೆ ಹೋಗುವ ಬಾಯಲ್ಲಿ ನೀರು ಇಳಿಯುತ್ತದೆ. ತುಕ್ಕು ಹಿಡಿಯದ ಉಕ್ಕು ಎನ್ನುತ್ತೇವೆ, ಆದರೆ ಗಾಳಿಯಾಡದ ಒದ್ದೆಯಲ್ಲಿ ಅದೂ ಕೊರೆದುಹೋಗುತ್ತದೆ. ಬೆಸುಗೆ ಬಿಟ್ಟ ದಿನ ದಂಡ ತಿರುಗುತ್ತದೆ, ಹಲಗೆ ತಿರುಗುವುದಿಲ್ಲ. ಈ ದೋಣಿಗಳ ಒಡೆಯರು ಒಡಲಿನ ಮೇಲೆ ಎದ್ದ ನೀರುಗುಳ್ಳೆಗಳಿಗೆ ಸಾವಿರಾರು ಸುರಿಯುತ್ತಾರೆ. ಗುಳ್ಳೆಯಿಂದ ಮುಳುಗಿದ ದೋಣಿ ಸಿಗುವುದು ದುರ್ಲಭ. ಚುಕ್ಕಾಣಿಯ ಅಡಿಯಲ್ಲಿ ಸಣ್ಣ ರಂಧ್ರ ಕೊರೆದು ಕಂದುನೀರು ತೊಟ್ಟಿಕ್ಕುತ್ತದೆಯೇ ಎಂದು ನೋಡುವುದು ಅರ್ಧ ಗಂಟೆಯ ಕೆಲಸ, ಅದನ್ನು ಬಿಡುತ್ತಾರೆ.

ನಾಕ್ಸ್-ಜಾನ್‌ಸ್ಟನ್ 1968ರ ಯಾನಕ್ಕೆ ಸ್ವತಃ ಮಾಡಿಕೊಂಡಿದ್ದ, ಗಾಳಿಯ ಬಲದಿಂದ ದಿಕ್ಕು ಹಿಡಿಯುವ ಸಾಧನ ಆಸ್ಟ್ರೇಲಿಯಾದ ಬಳಿ ಕೈಕೊಟ್ಟಿತು. ಅಲ್ಲಿಂದ ಅವರು ಹಾಯಿಗಳನ್ನೇ ಹೊಂದಿಸಿ, ಉದ್ದ ಅಡಿತೊಲೆಯ ಸ್ಥಿರತೆಯನ್ನು ನಂಬಿ ಅರ್ಧ ಜಗತ್ತು ದಾಟಿದರು. ಚುಕ್ಕಾಣಿಯ ಮೇಲಿನ ಭಾರವನ್ನು ಒಡಲೇ ಹಂಚಿಕೊಳ್ಳುವ ಈ ಗುಣವನ್ನು 2018ರಲ್ಲಿ ಮರುಹುಟ್ಟು ಪಡೆದ ಗೋಲ್ಡನ್ ಗ್ಲೋಬ್ ಸ್ಪರ್ಧೆ ನಿಯಮವಾಗಿಯೇ ಬರೆದಿಟ್ಟಿತು: 1988ಕ್ಕಿಂತ ಮೊದಲಿನ ವಿನ್ಯಾಸ, ಪೂರ್ಣ ಉದ್ದದ ಅಡಿತೊಲೆ, ಅದರ ಹಿಂಬದಿಗೇ ಜೋಡಿಸಿದ ಚುಕ್ಕಾಣಿ. ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ ಗೋವಾದಲ್ಲಿ ಸುಹೈಲಿಯದೇ ಪ್ರತಿರೂಪವಾಗಿ ಕಟ್ಟಿಸಿದ ‘ತುರಿಯಾ’ದಲ್ಲಿ ಆ ವರ್ಷ ಹೊರಟರು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಅದರ ಕೂವೆಮರಗಳನ್ನು ಮುರಿದು ಅವರ ಬೆನ್ನನ್ನೂ ಜಖಂ ಮಾಡಿತು. ರಕ್ಷಣೆಯವರು ಬಂದಾಗ ಒಡಲು ಇನ್ನೂ ತೇಲುತ್ತಿತ್ತು.