‘ಘಟಶ್ರಾದ್ಧ’: ನೋಡುವವನ ಹೊಣೆ

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ‘ಘಟಶ್ರಾದ್ಧ’ 1977ರ ಸ್ವರ್ಣಕಮಲ ಪಡೆದ ಚಿತ್ರ. ಹುಲೇಕಲ್ಲಿನಂಥ ಮಲೆನಾಡಿನ ಊರಿನ ಪ್ರೇಕ್ಷಕನಿಗೆ ಅದರ ಜಗಲಿ, ಅಂಗಳ, ಕಾಡುದಾರಿಗಳು ಅಪರಿಚಿತವಲ್ಲ. ಆದುದರಿಂದಲೇ ಅವನ ಕಸಿವಿಸಿಯೂ ಹೆಚ್ಚು.

ವೇದಪಾಠ ಹೇಳುವ ಉಡುಪರ ವಿಧವೆ ಮಗಳು ಯಮುನಾ ಗರ್ಭಿಣಿಯಾಗುತ್ತಾಳೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಹೊರಹಾಕುತ್ತಾರೆ. ಇದೆಲ್ಲವನ್ನೂ ಪಾಠಶಾಲೆಯ ಬಾಲಕ ನಾಣಿಯ ಕಣ್ಣು ಕಾಣುತ್ತದೆ.

ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣ, ಬಿ. ವಿ. ಕಾರಂತರ ಮಿತವಾದ ಸಂಗೀತ ಮೆಚ್ಚತಕ್ಕವು. ಆದರೆ ಚೌಕಟ್ಟಿನ ಈ ಅಂದವೇ ಶಂಕೆಗೆ ಎಡೆಗೊಡುತ್ತದೆ. ಮಗುವಿಗೆ ತಿಳಿಯದುದು ನಮಗೂ ದೊರೆಯದು; ಯಮುನೆಯ ಅಂತರಂಗ ಮೌನದಲ್ಲಿಯೇ ಉಳಿಯುತ್ತದೆ. ನೋವನ್ನು ಇಷ್ಟು ಸುಂದರವಾಗಿ ತೋರಿಸುವುದು ಸರಿಯೆ?

ಉತ್ತರದ ಸುಳಿವು ಕೊನೆಯಲ್ಲಿದೆ. ತಲೆ ಬೋಳಿಸಲ್ಪಟ್ಟು ಮರದಡಿ ಕುಳಿತ ಯಮುನೆಯನ್ನು ನೋಡುತ್ತಲೇ ನಾಣಿ ತಂದೆಯೊಡನೆ ಊರು ಬಿಡುತ್ತಾನೆ. ಅತ್ತ ಮುದಿ ಉಡುಪರಿಗೆ ಎಳೆಯ ಹುಡುಗಿಯೊಡನೆ ಮದುವೆಯ ಮಾತು. ಕೈಲಾಗದ ಬಾಲಕನ ಬರಿಯ ಮರುಕ ಕ್ಷಮ್ಯ. ತಡೆಯಬಲ್ಲ ಹಿರಿಯರ ಮೌನವಾದರೋ ಹಿಂಸೆಗಿತ್ತ ಅನುಮೋದನೆ. ಇವರಿಬ್ಬರಲ್ಲಿ ತಾನು ಯಾರ ಪಕ್ಕದಲ್ಲಿ ಕುಳಿತಿದ್ದೇನೆಂಬುದನ್ನು ಪ್ರೇಕ್ಷಕನೇ ಹೇಳಿಕೊಳ್ಳಬೇಕು.